ಹೆಸರು ಹಿಡಿದು ಕರೆದವಳು

"ಚನ್ನಮಲ್ಲಾ, ಬಾರೋ! ಬಾಗಿಲು ತೆಗ್ದವ್ರೆ."

ಜಗುಲಿಯ ಮೇಲೆ ನಿಂತು ಅವಳು ಹಾಗೆ ಕೂಗಿದ್ದೇ ತಡ, ಪರ್ವತಯ್ಯನಿಗೆ ತಿಳಿಯಬೇಕಾದ್ದೆಲ್ಲ ತಿಳಿದುಹೋಯಿತು. ಬಾಯಲ್ಲಿ ಗಂಡನ ಹೆಸರು ಬಂದರೆ ಅವನ ಆಯಸ್ಸು ಸವೆಯುತ್ತದೆಂದು ನಂಬಿದ ಸೀಮೆ ಇದು. ಆ ವರ್ಷ ಜನಗಣತಿಯವರು ಬಂದಾಗ ಎಷ್ಟೋ ಹೆಂಗಸರು ಪಕ್ಕದ ಮನೆಯವಳ ಕೈಲಿ ಗಂಡನ ಹೆಸರು ಹೇಳಿಸಿ ಬರೆಸಿದ್ದರು. ಇವಳು ನೋಡಿದರೆ ಬಸ್ಸಿನವರಿಗೂ ಕೇಳುವಂತೆ ಕೂಗುತ್ತಾಳೆ. ಅದೂ ಏಕವಚನದಲ್ಲಿ.

ಮಿಡಿಗೇಶಿ ಬೆಟ್ಟದ ಬುಡದ ಮುಸಾಫಿರಿ ಬಂಗಲೆಗೆ ಪರ್ವತಯ್ಯನೇ ಮೇಟಿ. ಬಾಗಿಲು ಕಾಯುವವನೂ ಅವನೇ, ಅಡುಗೆ ಮಾಡುವವನೂ ಅವನೇ, ಕಂಡದ್ದನ್ನು ನುಂಗಿಕೊಳ್ಳುವವನೂ ಅವನೇ. ಹದಿನೆಂಟು ವರ್ಷದಲ್ಲಿ ಎಷ್ಟು ಶನಿವಾರ, ಎಷ್ಟು ಇಂಥ ಜೋಡಿ! ಒಬ್ಬರ ಮನೆಗೂ ಅವನು ಸುದ್ದಿ ಒಯ್ದವನಲ್ಲ. ಧರ್ಮಿಷ್ಠ.

ಹುಡುಗ ಬಂಗಲೆಯ ಹಾಜರಿ ಪುಸ್ತಕದಲ್ಲಿ ಬರೆದ: ಚನ್ನಮಲ್ಲಯ್ಯ, ತಂದೆ ಪಟೇಲ್ ವೃಷಭೇಂದ್ರಪ್ಪ, ಕೊಳಾಲ ಹೋಬಳಿ. ಅವಳ ಹೆಸರಿನ ಜಾಗಕ್ಕೆ ಬಂದಾಗ ಪೆನ್ನು ಕೊಂಚ ನಿಂತಿತು. ಆಮೇಲೆ 'ಜೊತೆಗೆ ಒಬ್ಬರು' ಎಂದು ಬರೆಯಿತು.

"ಯಾರ ಮಗಳವ್ವ ನೀನು?"

"ದಾಸಯ್ಯನ ಮಗಳು, ಓಬಕ್ಕ. ಪಟೇಲರ ಊರಿನ ಕೆಳಗಿನ ಕೇರಿ," ಎಂದಳು. ತಲೆ ತಗ್ಗಿಸಲಿಲ್ಲ.

ಪರ್ವತಯ್ಯ ಕಾಫಿ ತಂದ. ಹುಡುಗನಿಗೆ ಹಿತ್ತಾಳೆ ಲೋಟ, ಅವಳಿಗೆ ತೆಂಗಿನ ಚಿಪ್ಪು. ಅಸ್ಪೃಶ್ಯತೆ ಅಪರಾಧವೆಂದು ಕಾನೂನಾಗಿ ಆರು ವರ್ಷ. ಅದನ್ನು ಸಾರುವ ಕಾಗದವನ್ನು ಬಂಗಲೆಯ ಗೋಡೆಗೆ ಅಂಟಿಸಿದವನೂ ಪರ್ವತಯ್ಯನೇ. ಗೋಂದು ಒಳ್ಳೆಯದಿತ್ತು, ಇನ್ನೂ ಉದುರಿರಲಿಲ್ಲ. ಹಾಸಿಗೆಗಿಲ್ಲದ ಮೈಲಿಗೆ ಲೋಟಕ್ಕುಂಟು ಎಂಬುದು ಅವನ ಕಾನೂನು. ಹುಡುಗ ಲೋಟವನ್ನು ಅವಳ ಕೈಗಿತ್ತು ಚಿಪ್ಪಿನಲ್ಲಿ ತಾನು ಕುಡಿದ.

ವಯಸ್ಸಿನ ಮದ, ಅಂದುಕೊಂಡ ಪರ್ವತಯ್ಯ. ಮನಸ್ಸಿನಲ್ಲೇ ಲೋಟಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿದ.

ಶನಿವಾರವೆಲ್ಲ ಅವರದು ಸೋಮಾರಿ ಸುಖ. ಅರ್ಧ ಬೆಟ್ಟ ಹತ್ತಿದರು, ಕೋಟೆ ಬಾಗಿಲ ನೆರಳಲ್ಲಿ ಕೂತು ಸೀತಾಫಲ ತಿಂದರು, ಯಾರ ಬೀಜ ದೂರ ಹೋಗುತ್ತದೆಂದು ಪಂಥ ಕಟ್ಟಿ ಉಗಿದರು. ದನ ಕಾಯುವವರು ಕಂಡಾಗೆಲ್ಲ ಅವಳು, "ಲೇ ಚನ್ನಮಲ್ಲಾ, ಸೋತೆ ಕಣ್ಲಾ!" ಎಂದು ಕೇಕೆ ಹಾಕಿದಳು. ಅಂಥ ಬಿಸಿಲಲ್ಲೂ ಕುಪ್ಪಸಕ್ಕೆ ಕುತ್ತಿಗೆ ತನಕ ಗುಂಡಿ. ಇಂಥೋಳಿಗೂ ಒಂದು ಮಾನ ಎಂದು ಪರ್ವತಯ್ಯ ತುಟಿ ಕೊಂಕಿಸಿದ.

ಸಂಜೆ ಬಾಗಿಲು ಮುಚ್ಚಿಕೊಂಡಿತು. ಪರ್ವತಯ್ಯನಿಗೆ ಕಿಟಕಿಯ ಬಳಿ ಯಾವಾಗಲೂ ಏನಾದರೊಂದು ಕೆಲಸ. ವಿಚಿತ್ರವೆಂದರೆ ಒಳಗೆ ಹೆಸರೂ ಇಲ್ಲ, ಕೇಕೆಯೂ ಇಲ್ಲ. ಮೆಲ್ಲನೆಯ ಮಾತು.

"ಸೀಮೆಎಣ್ಣೆ ಸ್ಟೌ ಒಂದು. ತಟ್ಟೆ ಎರಡು."

"ಮೂರಿರಲಿ. ನಿಮ್ಮಪ್ಪ ಯಾವುದರಲ್ಲಿ ಉಣ್ಣಬೇಕು?" ಎಂದ ಹುಡುಗ.

ಪರ್ವತಯ್ಯನಿಗೆ ಅಸಹ್ಯವಾಯಿತು. ಪಟೇಲರ ಮಗನನ್ನು ಬುಟ್ಟಿಗೆ ಹಾಕಿಕೊಂಡು ಕೇಳುವುದು ಸ್ಟೌ! ಬೇರೆಯವಳಾಗಿದ್ದರೆ ಚಿನ್ನದ ಅವಲಕ್ಕಿ ಸರ ಮಾಡಿಸಿಕೊಳ್ಳುತ್ತಿದ್ದಳು. ಈ ಕಸುಬಿಗೂ ಜಾಣತನ ಬೇಕು.

ಭಾನುವಾರ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಕೇಳಿಯೇ ಬಿಟ್ಟ: "ನಿಮ್ಮಪ್ಪಂಗೆ ಗೊತ್ತಾ ಈ ಆಟ?"

"ನಮ್ಮಪ್ಪನ ತಲೆ ಮೇಲೆ ಸೂರು ಉಳ್ದಿರೋದೇ ಈ ಆಟದಿಂದ ಕಣಣ್ಣಾ," ಎಂದಳು ಓಬಕ್ಕ. "ಇವತ್ತೊಂದಿನ ಕಣ್ಮುಚ್ಕೋ. ನಾಳೆ ಮೊದಲನೇ ಬಸ್ಸಿಗೆ ನಮ್ಮಪ್ಪನ್ನೂ ಕರ್ಕೊಂಡು ಈ ಸೀಮೆನೇ ಬುಟ್ಟು ಹೊಂಟೋಗ್ತೀವಿ."

ಮಧ್ಯಾಹ್ನ ಜೀಪು ಬಂತು. ಇಳಿದವರು ಪಟೇಲ್ ವೃಷಭೇಂದ್ರಪ್ಪ. ಹುಡುಗನ ಮುಖ ಸುಣ್ಣದಂತಾಯಿತು. ಇವತ್ತು ಬಂಗಲೆಯಲ್ಲಿ ರಕ್ತ ಬೀಳುತ್ತದೆ ಎಂದುಕೊಂಡು ಪರ್ವತಯ್ಯ ಕಂಬಕ್ಕೆ ಒರಗಿದ.

ಪಟೇಲರು ಕುರ್ಚಿ ಎಳೆದು ಕೂತರು. ಸಂತೆಯಲ್ಲಿ ಹಸು ನೋಡುವಂತೆ ಅವಳನ್ನು ನೋಡಿದರು. ಆಮೇಲೆ ಹೊಟ್ಟೆ ಕುಣಿಸಿ ನಕ್ಕರು.

"ಇಷ್ಟೇನೇನೋ? ಊರೋರು ಏನೇನೋ ಹೇಳಿ ಹೆದರಿಸಿಬುಟ್ಟರು. ಗಂಡಸು ಅಂದ್ಮೇಲೆ ಇದೆಲ್ಲ ಇದ್ದದ್ದೇ. ನಮ್ಮಪ್ಪ ತೋಟದ ಮನೇಲಿ ಇಬ್ಬರನ್ನ ಇಟ್ಟಿದ್ದ. ಆದರೆ ಕೇಳ್ಕೋ. ಮಾಘದಾಗೆ ನಿನ್ನ ಮದುವೆ. ಇವಳೇನಾದ್ರೂ ನಮ್ಮ ಹೊಸ್ತಿಲು ತುಳಿದಳೋ, ಇವಳೂ ಇರಲ್ಲ, ಇವಳಪ್ಪನ ಗುಡಿಸಲೂ ಇರಲ್ಲ."

"ಇವಳು ನಿಮ್ಮ ಹೊಸ್ತಿಲು ತುಳಿಯಲ್ಲ ಅಪ್ಪಾ. ಅದು ಮಾತ್ರ ದಿಟ."

"ನೀನೇನಂತೀಯೇ?"

"ನಾನೇನನ್ನಲಿ ಬುದ್ಧಿ. ಚನ್ನಮಲ್ಲ ಎಲ್ಲಿಗೆ ಕರೆದರೆ ಅಲ್ಲಿಗೆ ಹೋಗೋಳು."

ಅವಳ ಬಾಯಲ್ಲಿ ಮಗನ ಹೆಸರು ಕೇಳಿ ಪಟೇಲರಿಗೆ ಪೂರಾ ಸಮಾಧಾನವಾಯಿತು. "ಬಾಯಿ ಜೋರೈತೆ! ಇರಲಿ, ಇಂಥೋರಿಗೆ ಅದೇ ಬಂಡವಾಳ," ಎಂದರು. ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು ತಿಂದು, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಯಾರನ್ನೋ ಮಾತಾಡಿಸಿ ಊರಿಗೆ ಹೋಗುವುದಾಗಿ ಹೇಳಿ ಜೀಪು ಹತ್ತಿದರು.

ದೊಡ್ಡವರೆಂದರೆ ದೊಡ್ಡವರು! ಪರ್ವತಯ್ಯನ ಕಣ್ಣಲ್ಲಿ ನೀರೇ ಬಂತು. ಕೊಡಪಾನ ಹಿಡಿದು ಬಾವಿಯ ಕಡೆ ನಡೆದ.

ಅಲ್ಲಿ ಹುಡುಗ ಮುಖ ತೊಳೆಯಲು ಮೆಟ್ಟಿಲಿಳಿಯುತ್ತಿದ್ದ. ಪಾಚಿಯ ಮೇಲೆ ಕಾಲಿಟ್ಟ, ಜಾರಿದ, ಧೊಪ್ಪೆಂದು ನೀರಿಗೆ ಬಿದ್ದ.

ಓಬಕ್ಕ ಓಡಿ ಬಂದಳು. ಎರಡು ದಿನ ಊರಿಗೆಲ್ಲ ಕೇಳಿಸಿದ ಹೆಸರು ಆ ಗಳಿಗೆಯಲ್ಲಿ ಬಾಯಿಗೆ ಬರಲಿಲ್ಲ. ಬಂದದ್ದು ಒಂದೇ ಅಕ್ಷರ.

"ರೀ!"

ಕೈ ತಾನಾಗಿ ಕುಪ್ಪಸದ ಗುಂಡಿ ಕಿತ್ತು, ಒಳಗಿನದೇನನ್ನೋ ಮುಷ್ಟಿಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಿತು. ಹುಡುಗ ನೀರಿನಿಂದ ತಲೆ ಎತ್ತಿ, "ಏನೂ ಆಗಿಲ್ಲ ಕಣೇ," ಎಂದು ನಕ್ಕ.

ಪರ್ವತಯ್ಯನ ಕೈಯಿಂದ ಕೊಡಪಾನ ಉರುಳಿತು. ಹದಿನೆಂಟು ವರ್ಷ ಎಂತೆಂಥವನ್ನೋ ನುಂಗಿಕೊಂಡ ಗಂಟಲಿಗೆ ಇದು ಇಳಿಯಲಿಲ್ಲ. ಹೆಗಲಿಂದ ಬಿದ್ದ ಟವಲನ್ನೂ ಎತ್ತಿಕೊಳ್ಳದೆ ಬಸ್ ಸ್ಟ್ಯಾಂಡಿನವರೆಗೆ ಓಡಿದ. ಹೊರಡುತ್ತಿದ್ದ ಜೀಪಿಗೆ ಅಡ್ಡ ನಿಂತು, ಏದುಸಿರು ಬಿಡುತ್ತ ಕೈ ಮುಗಿದ.

"ಮೋಸ ಆಗೋಯ್ತು ಬುದ್ಧಿ! ಅವಳು ಇಟ್ಕೊಂಡೋಳಲ್ಲ, ಕಟ್ಕೊಂಡೋಳು!"