ಲಿಫ್ಟಿನೊಳಗಿನ ಸ್ಟೂಲು

ಏಳನೆಯ ಮಾಳಿಗೆಯ ಡಾಕ್ಟರ್ ಹರಿಣಿಯನ್ನು ಲಿಫ್ಟ್‌ಮನ್ ಅಣವೀರಪ್ಪ ಐದರಲ್ಲಿ ಇಳಿಸಿಬಿಟ್ಟ. ಅವಳೂ ಫೋನು ನೋಡುತ್ತಲೇ ಹೊರಗೆ ಹೋಗಿ ಯಾರದೋ ಮನೆಯ ಬಾಗಿಲಿಗೆ ಕೀಲಿ ತೂರಿಸಿದಳು. ಒಳಗಿನಿಂದ ನಾಯಿ ಬೊಗಳಿದಾಗಲೇ ಇಬ್ಬರಿಗೂ ಗೊತ್ತಾದದ್ದು.

"ಈ ವಾರದಾಗ ಇದು ಎರಡನೇ ಸಲ ರೀ ಡಾಕ್ಟರಬಾಯಿ," ಅಣವೀರಪ್ಪ ಬೆವರು ಒರೆಸಿಕೊಂಡ. "ಯಾರಿಗೂ ಹೇಳಬ್ಯಾಡ್ರಿ."

ಹೆದರಲು ಕಾರಣವಿತ್ತು. ಪವಾಯಿಯ ಆ ಬಿಲ್ಡಿಂಗಿನಲ್ಲಿ ಬಟನ್ ಒತ್ತಲು ಇನ್ನೊಬ್ಬರು ಬೇಕೆಂದೇನೂ ಇರಲಿಲ್ಲ. ಮುಖ ನೋಡಿದೊಡನೆ, ಕೇಳದೆ, ಅವರವರ ಮಾಳಿಗೆಗೆ ಮುಟ್ಟಿಸುವುದೇ ಅವನ ಬಂಡವಾಳ. ದಿನವಿಡೀ ಸ್ಟೂಲಿನ ಮೇಲೆ ಕೂತು, ಮೇಲೆ ಹೋಗುವವರ ಸಂತೋಷದಲ್ಲೆಲ್ಲ ಪಾಲು ಪಡೆದಿದ್ದ. ಮಗು ಹುಟ್ಟಿದ್ದಕ್ಕೆ ಪೇಢೆ, ಹೊಸ ಕಾರಿಗೂ ಪೇಢೆ. ಬೇಡ ಅಂದರೆ ಕೊಟ್ಟವರ ಮುಖ ಸಣ್ಣದಾಗುತ್ತಿತ್ತು. ಹೀಗಾಗಿ ಇವನು ದೊಡ್ಡವನಾಗುತ್ತ ಹೋದ. ಈಗ ಯೂನಿಫಾರ್ಮಿನ ಕೆಳಗಿನ ಗುಂಡಿಗಳು ಕೂಡುತ್ತಲೇ ಇರಲಿಲ್ಲ.

ಹರಿಣಿ ಯಾರಿಗೂ ಹೇಳಲಿಲ್ಲ. ತನ್ನ ಆಸ್ಪತ್ರೆಗೆ ಕರೆಸಿ ರಕ್ತ ಪರೀಕ್ಷೆ ಮಾಡಿಸಿದಳು. "ಅಂಕಲ್, ವೇಟ್ ಜಾಸ್ತಿ ಆಯ್ತಲ್ಲಾ, ಆವಾಗ ಬ್ರೇನು ಸಕ್ಕರೆ ಯೂಸ್ ಮಾಡೋ ರೀತೀನೇ ಬದಲಾಗತ್ತೆ. ಮರೆವು ಅದರಿಂದಲೇ ಅಂತ ಪಕ್ಕಾ ಹೇಳಲ್ಲ. ಆದ್ರೆ ಊಟ ಸರಿ ಮಾಡಿ, ಚೆನ್ನಾಗಿ ಕೈಕಾಲು ಆಡಿಸಿದ್ರೆ ಆ ಸಕ್ಕರೆ ಯೂಸ್ ಮಾಡೋದು ಸುಧಾರಿಸತ್ತೆ. ರಿಸರ್ಚ್ ಮಾಡಿದವರು ಸ್ಕ್ಯಾನ್‌ನಲ್ಲಿ ನೋಡಿದ್ದಾರೆ."

"ಹೊಟ್ಟಿ ಬೆಳದ್ರ ತಲಿಗ್ಯಾಕ ತ್ರಾಸರಿ?"

"ಕೆಳಗೆ ನೀವು ಬಟನ್ ಒತ್ತಿದ್ರೆ ಮೇಲೆ ಬಾಗಿಲು ಓಪನ್ ಆಗಲ್ವಾ? ವೈಸೇ ಹೀ, ಇದೂ ಹಾಗೇ."

ಮನೆಯಲ್ಲಿ ಹೆಂಡತಿ ಶಿವಕುಮಾರಿ ಅನ್ನ ಕಡಿಮೆ ಮಾಡಿ ಜೋಳದ ರೊಟ್ಟಿ, ಸೊಪ್ಪು ಹೆಚ್ಚಿಸಿದಳು. ಮಧ್ಯಾಹ್ನ ಜನ ಕಡಿಮೆಯಾದಾಗ ಅಣವೀರಪ್ಪ ಸ್ಟೂಲು ಬಿಟ್ಟು ಮೆಟ್ಟಿಲು ಹತ್ತತೊಡಗಿದ. ಮೊದಮೊದಲು ಮೂರನೆಯ ಮಾಳಿಗೆಗೇ ಏದುಸಿರು. ಗಣಪತಿ ಹಬ್ಬದ ಹೊತ್ತಿಗೆ ಟೆರೇಸು ಮುಟ್ಟಿ ಇಳಿಯುತ್ತಿದ್ದ. ಗುಂಡಿಗಳು ಕೂಡಿದವು. ಮುಖಗಳು ಮತ್ತೆ ತಮ್ಮ ತಮ್ಮ ಮಾಳಿಗೆಗೆ ಹೊಂದಿಕೊಂಡವು. ಆದರೆ ಕೂತರೆ ಕಾಲು ಚಡಪಡಿಸುತ್ತಿದ್ದವು. ಇಬ್ಬರನ್ನು ಮೇಲೆ ಬಿಟ್ಟರೆ ಸಾಕು, ಅವನು ಮೆಟ್ಟಿಲ ಮೇಲೆ.

ಒಂದು ದಿನ ಇಳಿದು ಬಂದಾಗ ಸೊಸೈಟಿಯ ಸೆಕ್ರೆಟರಿ ಧನರಾಜ್ ಕೆಳಗೆ ನಿಂತಿದ್ದರು.

"ಎಂತ ಮಾರಾಯ, ಮೇಲೆ ಎಂತ ಮಾಡ್ತಿದ್ದೆ?"

"ವ್ಯಾಯಾಮ ರೀ ಸೇಠ್. ಡಾಕ್ಟರು ಹೇಳ್ಯಾರ. ಈಗ ನೋಡ್ರಿ, ಯಾರರೆ ಬರ್ಲಿ, ಮುಖ ಕಂಡ್ರ ಸಾಕು, ಮಾಳಿಗಿ ಹೇಳ್ತೀನಿ."

"ಅದೀಗ ಯಾರಿಗೆ ಬೇಕು? ನೀನು ಮೆಟ್ಟಿಲು ಹತ್ತುವಾಗ ಜನ ತಾವೇ ಬಟನ್ ಒತ್ತಲಿಕ್ಕೆ ಕಲಿತರು. ಖಾಲಿ ಸ್ಟೂಲಿಗೆ ಪಗಾರ ಯಾಕೆ ಅಂತ ನಿನ್ನೆ ಮೀಟಿಂಗಲ್ಲಿ ಕೇಳಿದ್ರು. ಹೇಗೋ ಬಾಯಿ ಮುಚ್ಚಿಸಿದ್ದೇನೆ. ಹೋಗಿ ಕೂತ್ಕೊ."

"ಕುಂತ್ರ ಮತ್ತ ಮೊದಲಿನಂಗ ಆಗ್ತೀನ್ರಿ."

"ಮೊದಲಿನ ಹಾಗೆ ಇದ್ದಾಗ ಯಾರೂ ನಿನ್ನ ಸುದ್ದಿಗೆ ಬರ್ಲಿಲ್ಲ ಅಲ್ವಾ?" ಧನರಾಜ್ ದನಿ ತಗ್ಗಿಸಿದರು. "ಕಣ್ಣಿಗೆ ಕಾಣ್ತಾ ಇರು. ಅಷ್ಟೇ ನಿನ್ನ ಕೆಲಸ."

ಅಣವೀರಪ್ಪ ಸ್ಟೂಲು ಎಳೆದುಕೊಂಡು ಕೂತ.

ಸಂಜೆ ಹರಿಣಿ ಒಳಗೆ ಬಂದಳು. ಅವಳು ಫೋನಿನಿಂದ ಕಣ್ಣೆತ್ತುವ ಮೊದಲೇ ಅವನ ಬೆರಳು ಏಳನ್ನು ಒತ್ತಿತ್ತು. ಹಿಂದೆಯೇ ಒಂಬತ್ತನೆಯ ಮಾಳಿಗೆಯ ಅಜ್ಜಿ ಪೇಢೆಯ ಡಬ್ಬಿ ಹಿಡಿದು ಬಂದರು. "ಭೈಯ್ಯಾ, ಮೊಮ್ಮಗ ಹುಟ್ಟಿದಾನೆ. ಮುಂಹ್ ಮೀಠಾ ಕರೋ, ಬಾಯಿ ಸಿಹಿ ಮಾಡ್ಕೊ!"

ಅವನು ಹರಿಣಿಯ ಮುಖ ನೋಡಿದ. ಅವಳು ತಲೆ ತಗ್ಗಿಸಿದಳು. ಅವನು ಪೇಢೆ ತೆಗೆದುಕೊಂಡು, ನಕ್ಕು, ಮುಷ್ಟಿಯಲ್ಲಿ ಹಿಡಿದುಕೊಂಡ.

ಲಿಫ್ಟ್ ಏರತೊಡಗಿತು. ತಲೆ ತಗ್ಗಿಸಿದ್ದ ಹರಿಣಿಯ ಕಣ್ಣಿಗೆ ಬಿದ್ದದ್ದು ಸ್ಟೂಲಿನ ಕೆಳಗಿನ ಅವನ ಕಾಲುಗಳು. ಒಂದಾದ ಮೇಲೊಂದು ಎದ್ದು ಬೀಳುತ್ತ, ಅವು ಮೆಟ್ಟಿಲು ಹತ್ತುತ್ತಲೇ ಇದ್ದವು.