ಮ್ಯಾಟಿನಂಚಿನ ಸದ್ದು

ತಾನು ತಟ್ಟಿದ್ದು ಕವನಾಳಿಗೆ ಕೇಳಿಸಿತೋ ಇಲ್ಲವೋ? ಕೇಳಿಸಿದ್ದರಿಂದಲೇ ಅವಳು ಹಿಡಿತ ಬಿಟ್ಟಳೋ, ಇಲ್ಲಾ ಅವಳು ಬಿಟ್ಟದ್ದೂ ತನ್ನ ಅಂಗೈ ಮ್ಯಾಟಿನ ಅಂಚಿಗೆ ಬಡಿದದ್ದೂ ಹೇಗೋ ಒಂದೇ ಗಳಿಗೆಗೆ ಕೂಡಿ ಬಂತೋ? ಯೋಗಾನಂದ ಟೀ ಲೋಟವನ್ನು ಎಡಗೈಗೆ ಬದಲಾಯಿಸಿ ಬಲಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡ. ಯಾರೂ ಹುಡುಕಲು ಬಾರದ ಕಳ್ಳಮಾಲನ್ನು ಬಚ್ಚಿಡುವವನ ಹಾಗೆ.

ವಿಜಯನಗರದ ಆ ಕಾಲೇಜಿನೊಳಗೆ ಅಂತರಕಾಲೇಜು ಕುಸ್ತಿ ಇನ್ನೂ ನಡೆಯುತ್ತಿತ್ತು. ಅವನೂ ಗೆಳೆಯ ಗಿರಿರಾಜನೂ ಕವನಾಳ ಪಂದ್ಯ ಮುಗಿದೊಡನೆ ಎದುರಿನ ಟೀ ಅಂಗಡಿಗೆ ಬಂದಿದ್ದರು. ದೀಪಾಂಜಲಿ ನಗರದ ಈ ಹುಡುಗಿಯ ಒಂದು ಪಂದ್ಯವನ್ನೂ ಇಬ್ಬರೂ ತಪ್ಪಿಸಿದವರಲ್ಲ. ಇಂದು ಅವಳು ಎದುರಾಳಿಯನ್ನು ಬೆನ್ನ ಮೇಲೆ ಉರುಳಿಸಿ, ಒಂದು ಭುಜವನ್ನು ಮ್ಯಾಟಿಗೆ ಒತ್ತಿಯಾಗಿತ್ತು. ಇನ್ನೊಂದು ಭುಜಕ್ಕೆ ಬೆರಳಿನಷ್ಟು ಬಾಕಿ. ಆಗ ಟಪ್ಪೆಂದು ಸದ್ದಾಯಿತು. ಎರಡೂ ಭುಜ ತಾಗಿ ಚಿತ್ ಆದಾಗ ಪಂದ್ಯ ಮುಗಿಯಿತೆಂದು ರೆಫ್ರಿ ಮ್ಯಾಟಿಗೆ ಅಂಗೈ ಬಡಿಯುತ್ತಾನಲ್ಲ, ಥೇಟ್ ಅದೇ ಸದ್ದು. ಕವನಾಳ ಹಿಡಿತ ಸಡಿಲಿತು, ಎದುರಾಳಿ ಮಗುಚಿ ಅವಳನ್ನೇ ಚಿತ್ ಮಾಡಿದಳು. ವಿಶ್ವವಿದ್ಯಾಲಯದ ತಂಡದಲ್ಲಿದ್ದ ಒಂದೇ ಜಾಗ ಅಲ್ಲಿಗೆ ಹೋಯಿತು. ಕವನಾಳದು ಡಿಗ್ರಿಯ ಕೊನೆಯ ವರ್ಷ.

“ರೆಫ್ರೀನೇ ತಟ್ಟಿದ್ದು ಮಗಾ! ತಟ್ಬಿಟ್ಟು ಈಗ ಇಲ್ಲ ಅಂತಾನೆ,” ಎಂದ ಗಿರಿರಾಜ್. ಆರ್‌ಪಿಸಿ ಲೇಔಟಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಅವನಿಗೆ ಸಿಟ್ಟು ಬಂದರೆ ಅಕ್ಕಪಕ್ಕದ ಮೂರು ಟೇಬಲ್ಲಿಗೂ ಕೇಳಿಸುತ್ತಿತ್ತು. “ಅವನಾದ್ರೂ ಏನ್ ಮಾಡ್ತಾನೆ, ಬೆಳಗ್ಗಿಂದ ಒಬ್ಬನೇ. ಇನ್ನೊಬ್ಬ ರೆಫ್ರೀನ ಕರೆಸೋಕೆ ಕಾಲೇಜ್ ಹತ್ರ ದುಡ್ಡಿಲ್ವಂತೆ. ಕಾಲೇಜ್ ಡೇಗೆ ಡಿಜೆ ಕರೆಸೋಕೆ ಮಾತ್ರ ಎಲ್ಲಿಂದ ಬರುತ್ತೋ!”

“ಕುರ್ಚೀನೂ ಹಾಕಿರ್ಲಿಲ್ಲ,” ಎಂದ ಯೋಗಾನಂದ.

ಈ ವಿಷಯದಲ್ಲಿ ಅವನ ಸಿಟ್ಟು ನಿಜವಾದದ್ದು. ಕುರ್ಚಿಗಳೆಲ್ಲ ಯಾವುದೋ ಸೆಮಿನಾರಿಗೆ ಹೋಗಿದ್ದರಿಂದ ನೋಡಲು ಬಂದವರು ಮ್ಯಾಟಿಗೆ ಮಂಡಿ ತಾಗಿಸಿ ನೆಲದಲ್ಲಿ ಕೂತಿದ್ದರು. ಕುರ್ಚಿ ಹಾಕಿದ್ದರೆ ಅವನು ತನ್ನ ತೊಡೆಯನ್ನೇ ತಟ್ಟಿಕೊಂಡು ಸುಮ್ಮನಾಗುತ್ತಿದ್ದ. ಎಂ.ಎ. ಮುಗಿಸಿ ಬಸವೇಶ್ವರನಗರದ ಗ್ರಂಥಾಲಯವೊಂದರಲ್ಲಿ ದಿನವಿಡೀ ಜನರಿಗೆ ಸದ್ದು ಮಾಡಬೇಡಿ ಎನ್ನುವ ಮನುಷ್ಯ ಅವನು. ಕುಸ್ತಿ ಕಂಡರೆ ಮಾತ್ರ ಕೈ ಅವನ ಮಾತು ಕೇಳುತ್ತಿರಲಿಲ್ಲ. ಹುಟ್ಟಿದಾರಭ್ಯ ಒಮ್ಮೆಯೂ ಮ್ಯಾಟಿನ ಮೇಲೆ ಕಾಲಿಟ್ಟವನಲ್ಲ. ಆದರೆ ಯಾವ ಪಟ್ಟನ್ನು ಹೇಗೆ ಬಿಡಿಸಿಕೊಳ್ಳಬೇಕೆಂದು ಕುಸ್ತಿಪಟುಗಳಿಗೇ ನಿಲ್ಲಿಸಿಕೊಂಡು ಹೇಳಿದ್ದುಂಟು. ಅವರು ಮರ್ಯಾದೆಗೆ ತಲೆಯಾಡಿಸಿದ್ದೂ ಉಂಟು.

“ಏಳೋ, ಇನ್ನೂ ಟೈಮಿದೆ. ಆಕ್ಷೇಪಣೆ ಹೇಳಣ,” ಎಂದ ಗಿರಿರಾಜ್. “ನೀನು ಮ್ಯಾಟ್ ಪಕ್ಕದಲ್ಲೇ ಇದ್ದೆ. ರೆಫ್ರಿ ತಟ್ಟಿದ್ದು ಕಣ್ಣಾರೆ ನೋಡ್ದೆ ಅಂತ ಒಂದ್ ಮಾತು ಹೇಳು ಸಾಕು, ಮತ್ತೆ ಆಡಿಸ್ತಾರೆ. ನಿನ್ನ ಮುಖ ನೋಡಿದ್ರೆ ಸುಳ್ಳು ಹೇಳ್ತಾನೆ ಅಂತ ಯಾರಿಗೂ ಅನ್ಸಲ್ಲ ಗುರು.”

ಹೇಳಿದರೆ ಕವನಾಳಿಗೆ ಇನ್ನೊಂದು ಅವಕಾಶ. ಬೆಳಗಿನಿಂದ ನಿಂತೇ ಇದ್ದ, ಬೆವರಿಗೆ ಅಂಗಿ ಬೆನ್ನಿಗಂಟಿದ್ದ ಆ ವಯಸ್ಸಾದ ರೆಫ್ರಿಗೆ ಮೋಸಗಾರನೆಂಬ ಹೆಸರು. ನಿಜ ಹೇಳಿದರೆ ಇನ್ನು ಮುಂದೆ ಕವನಾಳ ಮುಖ ನೋಡುವಂತಿಲ್ಲ. ಟೀ ಕುಡಿಯುತ್ತ ಕೂರುವುದು ಯೋಗಾನಂದನಿಗೆ ಹೊಳೆದ ಮೂರನೆಯ ದಾರಿ. ಲೋಟ ಆಗಲೇ ಖಾಲಿಯಾಗಿತ್ತು.

ಅಷ್ಟರಲ್ಲಿ ಕವನಾ ಬ್ಯಾಗು ಹಾಕಿಕೊಂಡು ಗೇಟಿನಿಂದ ಹೊರಗೆ ಬಂದಳು. ಗಿರಿರಾಜ್ ಕೈಬೀಸಿ ಕರೆದ. “ಬಾರಮ್ಮ, ಹೆದರ್ಬೇಡ. ಯೋಗಿ ಸಾಕ್ಷಿ ಹೇಳ್ತಾನೆ. ರೆಫ್ರಿ ತಟ್ಟಿದ್ದನ್ನ ಇವನೇ ನೋಡಿದಾನೆ.”

“ನೀವು ನೋಡಿದ್ರಾ ಅಣ್ಣ?” ಎಂದಳು ಕವನಾ.

ಯೋಗಾನಂದ ಜೇಬಿನಿಂದ ಕೈ ತೆಗೆದ. “ತಟ್ಟಿದ್ದು ನಾನು,” ಎಂದ. “ರೆಫ್ರಿ ಅಲ್ಲ ಕವನಾ. ನಾನು.”

ಗಿರಿರಾಜ್ ಹೋ ಎಂದು ನಕ್ಕುಬಿಟ್ಟ. “ನೀನಾ! ನೀನು ತಟ್ಟಿದ್ರೆ ಸೊಳ್ಳೇನೂ ಸಾಯಲ್ಲ ಕಣೋ. ಪಾಪ ಅಂತ ರೆಫ್ರೀನ ಉಳಿಸೋಕೆ ಹೊರಟಿದೀಯಾ?”

ಕವನಾ ನಗಲಿಲ್ಲ. “ಗೊತ್ತು ಅಣ್ಣ. ಯಾವಾಗ್ಲೂ ತಟ್ತೀರಲ್ಲ. ಹೋದ ವರ್ಷ ಕೆಂಗೇರೀಲಿ ಪಂದ್ಯ ಪೂರ್ತಿ ತಟ್ತಾನೇ ಇದ್ರಿ, ನಾನು ಗೆದ್ದೆ. ನಿಮ್ಮ ಸದ್ದಿಗೆಲ್ಲ ಕೈ ಬಿಡ್ತಾ ಇದ್ದಿದ್ರೆ ಒಂದು ಪಂದ್ಯಾನೂ ಗೆಲ್ತಿರ್ಲಿಲ್ಲ. ನಾನು ಬಿಡೋದು ಸೀಟಿ ಊದಿದ್ಮೇಲೇನೇ.”

“ಮತ್ತೆ ಇವತ್ತು?”

“ಇವತ್ತು ಕೈ ಮರಗಟ್ಟೋಯ್ತು.” ಅವಳು ಮುಂಗೈಯನ್ನು ಉಜ್ಜಿಕೊಂಡಳು. “ತೂಕ ಇಳೀಬೇಕಲ್ಲ ಅಂತ ನಿನ್ನೆಯಿಂದ ನೀರೂ ಸರಿಯಾಗಿ ಕುಡಿದಿಲ್ಲ. ರೆಫ್ರಿ ಸಾರ್ ತೀರ್ಪು ಸರಿಯಾಗೇ ಕೊಟ್ರು. ಆಕ್ಷೇಪಣೆ ಗೀಕ್ಷೇಪಣೆ ಎಲ್ಲ ಬೇಡಿ ಅಣ್ಣ, ಪ್ಲೀಸ್.”

“ನೋಡು, ಅದಕ್ಕೇ ನಾನು ಹೇಳೋದು, ಊಟ ತಿಂಡಿ ನೋಡ್ಕೊಳೋಕೆ ಕಾಲೇಜಿನವ್ರು ಒಬ್ಬರನ್ನಾದ್ರೂ ಇಡಬೇಕು,” ಎಂದು ಗಿರಿರಾಜ್ ಮತ್ತೆ ಶುರು ಮಾಡಿದ. ಅವನಿಗೆ ಒಂದು ಸಿಟ್ಟು ಹೋದರೆ ಇನ್ನೊಂದು ತಯಾರಿರುತ್ತಿತ್ತು.

ಕವನಾ “ಬರ್ತೀನಿ ಅಣ್ಣ” ಎಂದು ಮೆಟ್ರೋ ಕಡೆ ನಡೆದಳು. ಫುಟ್‌ಪಾತಿನ ತುದಿಯಲ್ಲಿ, ಯಾರೂ ನೋಡುತ್ತಿಲ್ಲ ಅಂದುಕೊಂಡಿರಬೇಕು, ಗೋಡೆಗೆ ಹಣೆ ಆನಿಸಿ ಒಂದಷ್ಟು ಹೊತ್ತು ನಿಂತಳು. ಆಮೇಲೆ ಮುಖ ಒರೆಸಿಕೊಂಡು ಹೊರಟುಹೋದಳು.

ಯೋಗಾನಂದನಿಗೆ ಈಗ ನಿರಾಳ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಒಂದು ಲೋಟ ಟೀ ಮುಗಿಯುವವರೆಗಾದರೂ, ಅವಳ ಸೋಲಿನಲ್ಲಿ ತನ್ನದೂ ಒಂದು ಪಾಲಿದೆಯೆಂಬ ನಂಬಿಕೆ ಒಳಗೊಳಗೇ ಹಿತವಾಗಿತ್ತೆಂದು ಅವನು ಗಿರಿರಾಜನಿಗೆ ಹೇಳಲಿಲ್ಲ; ಯಾರಿಗೂ ಹೇಳಲಿಲ್ಲ.