ಕರಿಮಣ್ಣಿನ ತವರು

ಇಶಾ ಹೇಳುತ್ತಿರುವುದು ಸುಳ್ಳು ಎಂದು ರಾಜಲಕ್ಷ್ಮಿಗೆ ಎರಡನೇ ವಾಕ್ಯಕ್ಕೇ ಖಾತ್ರಿಯಾಯಿತು.

ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ಭಾನುವಾರದ ಕನ್ನಡ ಶಾಲೆಗೆ ರಾಜಲಕ್ಷ್ಮಿಯೇ ಟೀಚರ್. 2016ರ ಭಾಷಣ ಸ್ಪರ್ಧೆಗೆ ವಿಷಯ ‘ನನ್ನ ಅಜ್ಜಿಯ ಊರು’. ಗೆದ್ದವರು ಡಲ್ಲಾಸ್‌ಗೆ, ಟೆಕ್ಸಾಸ್ ಮಟ್ಟದ ಸ್ಪರ್ಧೆಗೆ. ಉಳಿದ ಮಕ್ಕಳು ಮಂಡ್ಯ, ಹಾಸನ, ಬಿಜಾಪುರ ಅಂದರು. ಹನ್ನೊಂದು ವರ್ಷದ ಇಶಾ ಮಾತ್ರ ಉಕ್ರೇನಿನ ಚೊರ್ನಿಬ್ರಿದ್ ಎಂಬ ಪುಟ್ಟ ಪಟ್ಟಣದ ಕಥೆ ತೆಗೆದಳು.

“ಮೊದಲು ಪೋಲಿಷ್ ಜಮೀನ್ದಾರ ಆಳಿದ. ಆಮೇಲೆ ರಷ್ಯಾದ ಜಾರ್ ದೊರೆಯ ಅಧಿಕಾರಿಗಳು ಬಂದು ಊರಿನ ಹೆಸರು ಬದಲಾಯಿಸಿದರು. ಸೋವಿಯೆಟ್‌ನವರು ಅವರ ಲೀಡರ್ ಹೆಸರಿಟ್ಟರು. ಜನ ಮನೆಯೊಳಗೆ ಹಳೇ ಹೆಸರೇ ಹೇಳಿದರು. ಈ ವರ್ಷ ಊರಸಭೆ ಹಟ ಹಿಡಿದು ಆ ಹೆಸರನ್ನೇ ವಾಪಸ್ ತಂದಿತು.”

ಕನ್ನಡ ಚೆನ್ನಾಗಿತ್ತು. ಅದಕ್ಕೇ ಅನುಮಾನ. ಎಲ್ಲೋ ಇಂಟರ್ನೆಟ್‌ನಿಂದ ಎತ್ತಿದ್ದು.

“ಪುಟ್ಟಿ, ನಿಮ್ಮಜ್ಜಿ ಗದಗ ಕಡೆಯವರಲ್ವಾ?”

“ನೋ ಆಂಟಿ. ಇದೇ ಅಜ್ಜಿ ಊರು.”

“ನಿಮ್ಮಜ್ಜಿ ಹತ್ರ ವಾರ ವಾರ ಫೋನಲ್ಲಿ ಮಾತಾಡೋಳು ನಾನು. ನಂಗೇ ಹೇಳ್ಕೊಡ್ತೀಯಾ? ಮುಂದಿನ ವಾರ ಗದಗದ ಬಗ್ಗೆ ಮಾತಾಡು. ಇಲ್ಲಾಂದ್ರೆ ಡಲ್ಲಾಸ್ ಇಲ್ಲ.”

ಈಜುಕೊಳದ ಕ್ಲೋರಿನ್‌ಗೆ ಕೆಂಚಾದಂತಿದ್ದ ಜಡೆಯನ್ನು ಹಿಂದಕ್ಕೆಸೆದು ಇಶಾ ಗಲ್ಲ ಎತ್ತಿದಳು. “ಐ ವೋಂಟ್ ಚೇಂಜ್ ಇಟ್. ಆಸ್ಕ್ ಹರ್.”

ಕೇಳುವುದೇನಿತ್ತು? ಆಸ್ಟಿನ್‌ನಲ್ಲಿ ಮಗಳ ಮನೆಯಲ್ಲಿದ್ದ ಇಶಾಳ ಅಜ್ಜಿ ಗುರವ್ವನನ್ನು ರಾಜಲಕ್ಷ್ಮಿ ಕಣ್ಣಾರೆ ಕಂಡಿರಲಿಲ್ಲ. ಆದರೆ ದನಿ ಗೊತ್ತಿತ್ತು. ಜೋಳದ ರೊಟ್ಟಿ ಹರಿಯದಂತೆ ಬಡಿಯುವುದನ್ನು ಫೋನಿನಲ್ಲೇ ಕಲಿಸಿದ ದನಿ ಅದು. ತವರಿನ ಕರಿಮಣ್ಣು, ಕಣ್ಣು ಹಾಯುವವರೆಗೂ ಸೂರ್ಯಕಾಂತಿ ಹೊಲ, ಎಲ್ಲವನ್ನೂ ಗುರವ್ವ ಬಣ್ಣಿಸಿದ್ದರು. ಓದು ಮುಗಿಸಿ ಊರಿಗೆ ಹೊರಟ ಗಂಡ ಅಪ್ಪಾಸಾಹೇಬರ ಕೈ ಹಿಡಿದು ತಾನೂ ಬಂದದ್ದು, ಮನೆತನದ ಪದ್ಧತಿಯಂತೆ ಅತ್ತೆ ಸೊಸೆಯ ಹೆಸರು ಬದಲಿಸಿದ್ದು, ಅದನ್ನೂ. ಗದಗ ಸೀಮೆ ಬಿಟ್ಟರೆ ಇನ್ನೆಲ್ಲಿ ಅಂಥ ಮಣ್ಣು?

ಆದರೂ ಫೋನ್ ಮಾಡಿದಳು.

“ಏನ್ ತಪ್ಪ್ ಹೇಳ್ಯಾಳ್ರಿ ನಮ್ಮ ಹುಡುಗಿ?”

“ಊರೇ ತಪ್ಪು, ಆಂಟಿ. ಬದಲಾಯಿಸು ಅಂದ್ರೆ ಒಪ್ತಾ ಇಲ್ಲ.”

ಗುರವ್ವ ನಕ್ಕರು. “ಒಪ್ಪಬಾರದ್ರಿ. ಐತವಾರ ನಾನ ಬರ್ತೇನಿ. ಅಲ್ಲೀತನಕ ಆಕಿನ್ನ ತೆಗದು ಹಾಕಬ್ಯಾಡ್ರಿ.”

ಹುಡುಗಿಯನ್ನು ಮುದ್ದು ಮಾಡಿ ಕೆಡಿಸಿದ್ದು ಯಾರೆಂದು ರಾಜಲಕ್ಷ್ಮಿಗೆ ಈಗ ತಿಳಿಯಿತು.

ಭಾನುವಾರ ಕೋಣೆ ತುಂಬ ತಂದೆತಾಯಂದಿರು. ಇಶಾ ಮತ್ತೆ ಅದೇ ಭಾಷಣ ಶುರು ಮಾಡಿದಳು, ಒಂದಕ್ಷರ ಬಿಡದೆ. ಜಾರ್ ದೊರೆ ಬರುವಷ್ಟರಲ್ಲಿ ರಾಜಲಕ್ಷ್ಮಿ ಕೈಯೆತ್ತಿದಳು. “ಸಾಕು, ಕೂತ್ಕೋ.”

ಇಶಾ ಕೂರಲಿಲ್ಲ.

“ಮುಗಸ್ಲಿ ಬಿಡ್ರಿ, ಟೀಚರ್,” ಎಂದಿತು ಬಾಗಿಲ ಬಳಿಯಿಂದ ಆ ಪರಿಚಿತ ದನಿ.

ರಾಜಲಕ್ಷ್ಮಿ ತಿರುಗಿದಳು. ಇಳಕಲ್ ಸೀರೆ, ತಲೆಯ ಮೇಲೆ ಸೆರಗು. ಎತ್ತಿದ್ದ ಕೈಯನ್ನು ಅವಳು ಕೆಳಗಿಳಿಸಿದಳು.

ಸೆರಗಿನಡಿಯ ನೀಲಿ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. “ಗುರವ್ವ ಅಂಬೋದು ಅತ್ತಿ ಇಟ್ಟ ಹೆಸರ್ರಿ. ಚೊರ್ನಿಬ್ರಿದ್‌ನಾಗ ನನ್ನ ಒಕ್ಸಾನಾ ಅಂತ ಕರೀತಿದ್ರು.”